ಹೊಲಿದ ರೆಕ್ಕೆ

ವಿಮಾನದ ರೆಕ್ಕೆಯನ್ನು ಸೂಜಿ-ದಾರ ಹಿಡಿದು ಹೊಲಿಯುತ್ತಾರೆ ಎಂದು ಮೊದಲ ಸಲ ಓದಿದಾಗ, ಇದು ರೈಟ್ ಸೋದರರ ಕಾಲದ ಮಾತಿರಬೇಕು ಅಂದುಕೊಂಡಿದ್ದೆ. ಅಲ್ಲ, ಈಗಲೂ ಹೊಲಿಯುತ್ತಾರೆ. ಅಲಾಸ್ಕಾದ ಚಳಿಗಾಲದಲ್ಲಿ, ಮಧ್ಯಾಹ್ನಕ್ಕೇ ಕತ್ತಲು ಕವಿಯುವ ದಿನಗಳಲ್ಲಿ, ಮನೆಗೆ ಅಂಟಿಕೊಂಡ ಗ್ಯಾರೇಜಿನೊಳಗೆ ಹದಿನಾರು ಅಡಿಗೂ ಮೀರಿದ, ಬಟ್ಟೆ ಹೊದ್ದ ರೆಕ್ಕೆಯೊಂದನ್ನು ಅಂಚಿನ ಮೇಲೆ ನಿಲ್ಲಿಸಿಕೊಂಡು ಆಚೆಗೊಬ್ಬರು ಈಚೆಗೊಬ್ಬರು ಕೂರುತ್ತಾರೆ. ಈಚೆಯವರು ನಮ್ಮ ದಬ್ಬಣಕ್ಕಿಂತ ಉದ್ದವಾದ ಸೂಜಿಯನ್ನು ರೆಕ್ಕೆಯ ದಪ್ಪಕ್ಕೂ ತೂರಿಸುತ್ತಾರೆ. ಆಚೆಯವರು ಅದರ ತುದಿ ಹಿಡಿದೆಳೆದು, ಒಳಗಿನ ಚೌಕಟ್ಟಿನ ಪಕ್ಕೆಲುಬಿನ ಇನ್ನೊಂದು ಮಗ್ಗುಲಿನಿಂದ ಹಿಂದಕ್ಕೆ ಕಳಿಸುತ್ತಾರೆ. ಮೇಣ ಹಚ್ಚಿದ ದಾರ ಪಕ್ಕೆಲುಬನ್ನು ಸುತ್ತಿ ಬರುತ್ತದೆ. ಜಗ್ಗಿ ಒಂದು ಗಂಟು. ಎರಡೋ ಮೂರೋ ಇಂಚು ಬಿಟ್ಟು ಮತ್ತೊಂದು ಗಂಟು. ಮೀನಿನ ಬಲೆ ಹೆಣೆಯುವವರಿಂದ ಬಂದ ಗಂಟು ಅದು. ಇಂಗ್ಲಿಷಿನಲ್ಲಿ ಅದರ ಹೆಸರಿನೊಳಗೇ ಬಲೆ ಇದೆ. ಎರಡು ರೆಕ್ಕೆ ಮುಗಿಯುವಷ್ಟರಲ್ಲಿ ಇಂಥ ನೂರಾರು ಗಂಟು.

ಬಟ್ಟೆಯನ್ನು ಚೌಕಟ್ಟಿಗೆ ಅಂಟಿಸಿರುತ್ತಾರಲ್ಲ, ಮೇಲೆ ಹೊಲಿಗೆ ಯಾಕೆ? ಹಾರುವಾಗ ರೆಕ್ಕೆಯ ಮೇಲುಭಾಗದಲ್ಲಿ ಗಾಳಿಯ ಒತ್ತಡ ಇಳಿಯುತ್ತದೆ. ವಿಮಾನವನ್ನು ಎತ್ತಿ ಹಿಡಿಯುವ ಶಕ್ತಿಯೇ ಮೇಲಿನ ಬಟ್ಟೆಯನ್ನೂ ಮೇಲಕ್ಕೆ ಜಗ್ಗುತ್ತಿರುತ್ತದೆ. ಬಟ್ಟೆ ಪಕ್ಕೆಲುಬನ್ನು ಬಿಟ್ಟು ಉಬ್ಬಿದರೆ ರೆಕ್ಕೆಯ ಆಕಾರ ಹೋಯಿತು, ಆಕಾರ ಹೋದರೆ ಹಾರಾಟವೂ ಹೋಯಿತು. ಪ್ರೊಪೆಲ್ಲರಿನ ಗಾಳಿ ನೇರವಾಗಿ ಬಡಿಯುವ ಒಳಭಾಗದಲ್ಲಿ ಹೊಲಿಗೆ ಒತ್ತೊತ್ತಾಗಿ ಬೀಳುತ್ತದೆ, ತುದಿಯ ಕಡೆಗೆ ಕೊಂಚ ವಿರಳ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವುದನ್ನು ಕಂಡವರಿಗೆ ಈ ಕೆಲಸದ ತಾಳ್ಮೆ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಹೀಗೆ ಗ್ಯಾರೇಜುಗಳಲ್ಲಿ ಬಿಚ್ಚಿ ಮತ್ತೆ ಕಟ್ಟುವ ವಿಮಾನಗಳಲ್ಲಿ ಮುಖ್ಯವಾದದ್ದು ಪೈಪರ್ ಸೂಪರ್ ಕಬ್. ಹಿಂದೊಂದು ಮುಂದೊಂದು ಸೀಟು, ತಲೆಯ ಮೇಲೆ ರೆಕ್ಕೆ, ಬಾಲದಡಿ ಪುಟ್ಟ ಚಕ್ರ. ಇದರ ಮೂಲ ವಿನ್ಯಾಸ ಸಿ.ಜಿ. ಟೇಲರ್ ಎಂಬ ಎಂಜಿನಿಯರರದು. 1930ರ ಆರ್ಥಿಕ ಕುಸಿತದಲ್ಲಿ ಅವರ ಕಂಪನಿ ದಿವಾಳಿಯೆದ್ದಾಗ, ವಿಲಿಯಂ ಪೈಪರ್ ಎಂಬ ತೈಲ ವ್ಯಾಪಾರಿ ಅದರ ಆಸ್ತಿಯನ್ನು 761 ಡಾಲರಿಗೆ ಕೊಂಡರು. 1937ರಲ್ಲಿ ಬ್ರಾಡ್‌ಫರ್ಡ್ ಊರಿನ ಕಾರ್ಖಾನೆ ಸುಟ್ಟುಹೋಯಿತು. ಆಮೇಲೆ ಪೈಪರ್ ಪೆನ್ಸಿಲ್ವೇನಿಯಾದ ಲಾಕ್ ಹೇವನ್‌ನಲ್ಲಿ ಪಾಳುಬಿದ್ದಿದ್ದ ರೇಷ್ಮೆ ಗಿರಣಿಯೊಂದಕ್ಕೆ ಕೆಲಸ ಸಾಗಿಸಿದರು. ಬಟ್ಟೆ ಹೊದ್ದ ವಿಮಾನಕ್ಕೆ ಮಗ್ಗಗಳಿದ್ದ ಮನೆ! ಅಲ್ಲಿಂದ 1938ರಲ್ಲಿ ಜೆ-3 ಕಬ್ ಬಂತು; 1947ರ ಹೊತ್ತಿಗೆ ಸುಮಾರು 20,000 ತಯಾರಾಗಿದ್ದವು. ಅದರ ಬಲಿತ ರೂಪವೇ 1949ರ ಸೂಪರ್ ಕಬ್.

ಅಲಾಸ್ಕಾಕ್ಕೆ ಇದು ಬೇಕಾದದ್ದು ಶೋಕಿಗಲ್ಲ. ಆ ರಾಜ್ಯದಲ್ಲಿ ಸುಮಾರು ಹತ್ತರಲ್ಲಿ ಎಂಟು ಊರುಗಳಿಗೆ ಹೊರಗಿನಿಂದ ರಸ್ತೆಯಿಲ್ಲ. ರಾಜಧಾನಿ ಜುನೋಗೂ ಇಲ್ಲ. ನದಿಯ ನಡುವಿನ ಜಲ್ಲಿದಿಣ್ಣೆ, ಹಿಮನದಿಯ ಇಳಿಜಾರು, ಕೆರೆ, ಜೌಗು ಪಾಚಿನೆಲ, ಎಲ್ಲಿ ಸಮ ಜಾಗ ಸಿಕ್ಕಿತೋ ಅದೇ ನಿಲ್ದಾಣ. ಬೇಸಿಗೆಗೆ 31 ಇಂಚಿನ ಮೆತ್ತನೆಯ ಟೈರು, ಚಳಿಗಾಲಕ್ಕೆ ಹಿಮಹಲಗೆ, ಕೆರೆಗೆ ತೇಲುಬುಡ. ಫ್ಲಾಪ್ ಇಳಿಸಿದರೆ ಗಂಟೆಗೆ 70 ಕಿಲೋಮೀಟರ್ ಆಸುಪಾಸಿನ ವೇಗದಲ್ಲೂ ಇದು ಗಾಳಿಯಲ್ಲಿ ನಿಲ್ಲುತ್ತದೆ. ನಮ್ಮ ಹೆದ್ದಾರಿಯ ಬಸ್ಸುಗಳಿಗಿಂತ ನಿಧಾನ.

ಇಂಥ ನೆಲದ ಮೇಲೆ ಇಳಿಯುವ ವಿಮಾನ ಮುರಿಯುತ್ತದೆ. ಕಲ್ಲಿಗೆ ತಾಗಿ ಕಾಲು ಬಾಗುತ್ತದೆ, ಪೊದೆ ತಗುಲಿ ರೆಕ್ಕೆ ಹರಿಯುತ್ತದೆ, ಬಿರುಗಾಳಿ ಅಂಗಾತ ಕೆಡವುತ್ತದೆ. ಇಂಥ ವಿಮಾನದ ಗುಣವೆಂದರೆ ಗಟ್ಟಿತನ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎಪ್ಪತ್ತು ವರ್ಷ ದಾಟಿದ ಸೂಪರ್ ಕಬ್‌ಗಳು ಇಂದಿಗೂ ಹಾರುತ್ತಿರುವುದು ಅವು ಮುರಿಯಲಿಲ್ಲವೆಂದಲ್ಲ. ಎಷ್ಟು ಸಲ ಮುರಿದರೂ ರಿಪೇರಿಗೆ ಒಗ್ಗಿದವು ಎಂದು. ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಒಡಲು, ಅಲ್ಯೂಮಿನಿಯಂ ಪಕ್ಕೆಲುಬು, ಮೇಲೆ ಬಟ್ಟೆ. ಬಾಗಿದ್ದನ್ನು ಕತ್ತರಿಸಿ ತೆಗೆದು ಹೊಸದು ಕೂರಿಸಬಹುದು. ಇದನ್ನು ಕಟ್ಟಿದವರು, ಮುಂದೆ ಯಾರೋ ಒಬ್ಬರು ಇದನ್ನು ಬಿಚ್ಚುತ್ತಾರೆ ಎಂದು ಒಪ್ಪಿಕೊಂಡೇ ಕಟ್ಟಿದರು. ಅಲಾಸ್ಕಾದ ಹೆಸರಾಂತ ಹಿಮನದಿ ಪೈಲಟ್ ಬಾಬ್ ರೀವ್ 1932ರಲ್ಲಿ ವಾಲ್ಡೀಜ್ ಊರಿಗೆ ಬಂದಾಗ ಅವರ ಬಳಿ ವಿಮಾನವೇ ಇರಲಿಲ್ಲ. ಅಲ್ಲಿ ಮುರಿದುಬಿದ್ದಿದ್ದ ಒಂದನ್ನು ರಿಪೇರಿ ಮಾಡಿ, ಅದನ್ನೇ ಬಾಡಿಗೆಗೆ ಹಿಡಿದು ಹಾರಾಟ ಶುರುಮಾಡಿದರು. ಆ ಸೀಮೆಯ ವೈಮಾನಿಕ ಚರಿತ್ರೆಯ ಅರ್ಧ ಭಾಗ ಪಾನಾ ಹಿಡಿದ ಕೈಗಳದು.

ಮನೆಯ ವರ್ಕ್‌ಶಾಪಿನಲ್ಲಿ ಮೊದಲ ಕೆಲಸ ಹಳೆಯ ಬಟ್ಟೆ ಬಿಚ್ಚುವುದು. ಅದು ಒಂದು ದಿನದ ಕೆಲಸ, ಆದರೆ ಆ ಒಂದು ದಿನ ಮುಂದಿನ ಮೂರು-ನಾಲ್ಕು ವರ್ಷವನ್ನು ತೀರ್ಮಾನಿಸುತ್ತದೆ. ಹೊರಗಿನಿಂದ ಹಳದಿ ಬಣ್ಣ ಹೊಳೆಯುತ್ತಿದ್ದ ವಿಮಾನದೊಳಗೆ ಇಲಿಯ ಗೂಡು ಸಿಗುತ್ತದೆ. ಇಲಿಯ ಮೂತ್ರ ಅಲ್ಯೂಮಿನಿಯಮ್ಮನ್ನು ಪುಡಿಪುಡಿ ಮಾಡಿರುತ್ತದೆ. ಬಾಲದ ಕಡೆಯ ಕೆಳಗಿನ ಕೊಳವೆಗಳಲ್ಲಿ ನೀರು ನಿಂತು ತುಕ್ಕು ತಿಂದಿರುತ್ತದೆ, ಅದೂ ಬಹುಪಾಲು ಒಳಗಿನಿಂದ. ಬಣ್ಣ ನೋಡಿ ಕೊಳವೆಯ ಆರೋಗ್ಯ ಹೇಳಲಾಗದು. ಮೊನೆಯುಳ್ಳ ಉಳಿಯಿಂದ ಮೆಲ್ಲಗೆ ಬಡಿಯುತ್ತಾ ಹೋಗಬೇಕು. ಗಟ್ಟಿ ಕೊಳವೆ ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಮಂಕಾಗಿ ಉಸುರುತ್ತದೆ, ಕೆಲವೊಮ್ಮೆ ಉಳಿ ನೇರ ಒಳಗೇ ಇಳಿದುಬಿಡುತ್ತದೆ. ಒಡಲಿಂದ ರೆಕ್ಕೆಗೆ ಆನಿಸಿದ ಆಸರೆಗೋಲುಗಳದ್ದೂ ಇದೇ ಕತೆ. ಅವು ಒಳಗೊಳಗೇ ತುಕ್ಕು ಹಿಡಿಯುತ್ತವೆಂದು ತಿಳಿದ ಮೇಲೆ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ, ಹಳೆಯ ಬಗೆಯ ಕೋಲುಗಳನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ವಿಧಿಸಿತು. ಬೇಡವೆಂದರೆ, ಗಾಳಿ ಆಡದಂತೆ ಮುಚ್ಚಿದ ಹೊಸ ಕೋಲು ಹಾಕಿಸಬೇಕು.

ಕೆಟ್ಟ ಕೊಳವೆಯನ್ನು ಜೋಡಿಸುವ ವಿಧಾನ ನನಗೆ ಬಹಳ ಹಿಡಿಸಿತು. ಕತ್ತರಿಸಿದ ಎರಡು ತುದಿಗಳ ಮೇಲೆ ತುಸು ಅಗಲವಾದ ಇನ್ನೊಂದು ಕೊಳವೆಯ ತುಂಡನ್ನು ತೊಡಿಸುತ್ತಾರೆ. ಆ ತುಂಡಿನ ಅಂಚನ್ನು ನೇರವಾಗಿ ಕತ್ತರಿಸುವುದಿಲ್ಲ. ಮೀನು ಬಾಯಿ ತೆರೆದಂತೆ ಓರೆಯಾಗಿ ಕತ್ತರಿಸುತ್ತಾರೆ. ಕಾರಣ ಇಷ್ಟೆ: ಬೆಸುಗೆಯ ಕಾವಿಗೆ ಸಿಕ್ಕ ಉಕ್ಕು ತುಸು ಬಲ ಕಳೆದುಕೊಳ್ಳುತ್ತದೆ. ಕೊಳವೆಯ ಸುತ್ತ ಬಳೆಯಂತೆ ನೇರ ಬೆಸುಗೆ ಹಾಕಿದರೆ ಆ ದುರ್ಬಲತೆಯೆಲ್ಲ ಒಂದೇ ವೃತ್ತದಲ್ಲಿ ಸೇರಿ, ಮುಂದೆ ಬಿರುಕು ಬಿಟ್ಟರೆ ಅಲ್ಲೇ ಪೂರ್ತಿ ತುಂಡಾಗುತ್ತದೆ. ಮೀನಿನ ಬಾಯಿಯ ಅಂಚಿನಲ್ಲಿ ಬೆಸುಗೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಯಾವ ಒಂದು ಅಡ್ಡಸೀಳಿನಲ್ಲೂ ಇಡೀ ಕೊಳವೆ ಬಲಹೀನವಲ್ಲ. ಯಾರದೋ ಅನುಭವ, ಬಹುಶಃ ಯಾರದೋ ಸಾವು ಕೂಡ, ಆ ಓರೆ ಕತ್ತರಿಕೆಯೊಳಗೆ ಇರಬೇಕು.

ಬೆಸುಗೆ ಮುಗಿದ ಮೇಲೆ ಕೊಳವೆಯೊಳಗೆ ಬಿಸಿ ಅಗಸೆ ಎಣ್ಣೆ ಸುರಿಯುವುದು ಹಳೆಯ ಪದ್ಧತಿ. ಅಗಸೆಯೆಂದರೆ ನಮ್ಮ ಕಡೆ ರೊಟ್ಟಿಗೆ ಚಟ್ನಿಪುಡಿ ಮಾಡುವ ಕಾಳು. ಅದರ ಎಣ್ಣೆ ಗಾಳಿಗೆ ಒಣಗಿ ತೆಳು ಪದರವಾಗುತ್ತದೆ, ಉಕ್ಕಿಗೆ ತೇವ ತಾಗಲು ಬಿಡುವುದಿಲ್ಲ. ಒಡಲನ್ನು ಅತ್ತಿತ್ತ ತಿರುಗಿಸಿ, ಎಣ್ಣೆ ಮೂಲೆಮೂಲೆಗೂ ಹರಿದ ಮೇಲೆ ಬಸಿದು, ತೂತು ಮುಚ್ಚುತ್ತಾರೆ. ಇದರಿಂದ ಇನ್ನೊಂದು ಉಪಕಾರವುಂಟು. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಉಳಿದಿದ್ದರೂ ಅಲ್ಲಿ ಎಣ್ಣೆ ಜಿನುಗಿ ತೋರಿಸಿಕೊಡುತ್ತದೆ. ಒಡಲಿಗೆ ಹೊರಗಿನಿಂದ ಹಚ್ಚುವ ಪ್ರೈಮರ್ ಬಣ್ಣವನ್ನೂ ತಿಳಿಯಾದದ್ದನ್ನೇ ಆರಿಸುತ್ತಾರೆ, ಮುಂದೆ ಬಿರುಕು ಬಿಟ್ಟರೆ ಟಾರ್ಚಿನ ಬೆಳಕಿಗೆ ಎದ್ದು ಕಾಣಲೆಂದು.

ಇಷ್ಟೆಲ್ಲ ಮಾಡುವವರು ಸಾಮಾನ್ಯವಾಗಿ ವಿಮಾನ ಎಂಜಿನಿಯರರಲ್ಲ. ಮಾಲೀಕರೇ, ರಜೆಯಲ್ಲಿ, ರಾತ್ರಿ ಹೊತ್ತಿನಲ್ಲಿ ಮಾಡುತ್ತಾರೆ. ಎಫ್‌ಎಎ ಇದಕ್ಕೆ ಅವಕಾಶ ಕೊಟ್ಟಿದೆ, ಒಂದು ಕರಾರಿನ ಮೇಲೆ: ಪರವಾನಗಿ ಪಡೆದ ಮೆಕ್ಯಾನಿಕ್ ಮೇಲ್ವಿಚಾರಣೆಯಿರಬೇಕು, ದೊಡ್ಡ ರಿಪೇರಿಗಳನ್ನು ಫಾರ್ಮ್ 337ರಲ್ಲಿ ಬರೆದು ತಪಾಸಣೆಯ ಅಧಿಕಾರವುಳ್ಳವರು ಸಹಿ ಹಾಕಬೇಕು. ಬಟ್ಟೆ ಮುಚ್ಚುವ ಮೊದಲು ಅವರು ಬಂದು ಬರಿಮೈ ವಿಮಾನವನ್ನು ಇಂಚಿಂಚು ನೋಡುತ್ತಾರೆ. ನುರಿತವರಲ್ಲದವರ ಕೈಯನ್ನು ಬೇಡವೆನ್ನದೆ, ನುರಿತವರ ಕಣ್ಣನ್ನು ಬಿಟ್ಟುಕೊಡದೆ ನಡೆಯುವ ಈ ಏರ್ಪಾಡು ನನಗೆ ವಿವೇಕದ್ದಾಗಿ ಕಾಣುತ್ತದೆ. ಕಲಿಯುವವನೂ ಕಲಿಸುವವನೂ ಒಂದೇ ಬೆಸುಗೆಯ ಮೇಲೆ ಬಗ್ಗಿ ನೋಡುತ್ತಾರಲ್ಲ, ವಿದ್ಯೆ ದಾಟುವುದು ಅಲ್ಲಿ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಸಿಲಿಂಡರಿನ, ಗಾಳಿಯಲ್ಲೇ ತಣಿಯುವ ಲೈಕಮಿಂಗ್. ಅದನ್ನು ಹೆಚ್ಚಿನವರು ಬೇರೆ ಕಾರ್ಖಾನೆಗೆ ಕಳಿಸಿ ತರಿಸಿಕೊಳ್ಳುತ್ತಾರೆ.

ಬಟ್ಟೆಯ ಕತೆ ಬೇರೆ. ಹಿಂದೆ ಅದು ಹತ್ತಿಯದು. 'ಗ್ರೇಡ್ ಎ' ಎಂಬ ಆ ಬಟ್ಟೆ ಹೊಸದಿದ್ದಾಗ ಇಂಚಿಗೆ 80 ಪೌಂಡ್ ಎಳೆತ ತಡೆಯಬೇಕು. 56ಕ್ಕಿಂತ ಇಳಿದರೆ ಆ ವಿಮಾನ ಹಾರುವಂತಿಲ್ಲ. ಬಿಸಿಲು, ಬೂಸ್ಟು ಹತ್ತಿಯನ್ನು ಬೇಗ ತಿನ್ನುತ್ತಿದ್ದವು. ಈಗ ಪಾಲಿಯೆಸ್ಟರ್. ಅಂಚುಗಳಿಗೆ ಅಂಟಿಸುವಾಗ ಬಟ್ಟೆ ಸಡಿಲವಾಗಿ, ಸುಕ್ಕುಸುಕ್ಕಾಗಿ ಇರುತ್ತದೆ. ಮೊದಲ ಸಲ ಮಾಡುವವರ ಎದೆ ಅದನ್ನು ಕಂಡು ಕುಸಿಯಬೇಕು. ಆಮೇಲೆ ಬರುವುದು ಇಸ್ತ್ರಿ ಪೆಟ್ಟಿಗೆ. ಮನೆಯ ಸಾಧಾರಣ ಇಸ್ತ್ರಿ ಪೆಟ್ಟಿಗೆಯೇ, ಆದರೆ ಅದರ ಗುಂಡಿಯ ಗುರುತನ್ನು ನಂಬದೆ ಥರ್ಮಾಮೀಟರಿನಿಂದ ಅಳೆದದ್ದು. ಮೊದಲ ಸುತ್ತು ಸುಮಾರು 120 ಡಿಗ್ರಿ ಸೆಲ್ಸಿಯಸ್, ಕೊನೆಯ ಸುತ್ತು ಸುಮಾರು 177. ಕಾವು ಅದಕ್ಕೂ ಮೀರಿದರೆ ಬಿಗಿ ಸಡಿಲಾಗತೊಡಗುತ್ತದೆ, ಇನ್ನೂ ಏರಿದರೆ ಬಟ್ಟೆಯೇ ಕರಗುತ್ತದೆ. ಪೆಟ್ಟಿಗೆ ಮೆಲ್ಲನೆ ಸರಿದಂತೆ ಸುಕ್ಕುಗಳು ಕಣ್ಣೆದುರೇ ಮಾಯವಾಗುತ್ತವೆ. ಜಾತ್ರೆಯಲ್ಲಿ ಬಡಿಯುವ ಮುಂಚೆ ತಮಟೆಯನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡುತ್ತಾರಲ್ಲ, ಹಾಗೆ. ಬೆರಳಿಂದ ತಟ್ಟಿದರೆ ಆಗ ರೆಕ್ಕೆ ನುಡಿಯುತ್ತದೆ.

ಹೊಲಿಗೆ ಬೀಳುವುದು ಆ ಬಿಗಿದ ಬಟ್ಟೆಯ ಮೇಲೆ. ಹೊಲಿಗೆಯ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಅಲ್ಯೂಮಿನಿಯಂ ಪುಡಿ ಬೆರೆತ ಬೆಳ್ಳಿಬಣ್ಣದ ಲೇಪ. ಆ ಲೇಪ ಅಂದಕ್ಕಲ್ಲ. ಪಾಲಿಯೆಸ್ಟರನ್ನು ಕೊಲ್ಲುವ ಅತಿನೇರಳೆ ಕಿರಣಗಳನ್ನು ತಡೆಯಲು. ಕೊನೆಗೆ ಬಣ್ಣ, ಅದೂ ಅಳೆದು ತೂಗಿ. ಎಲ್ಲ ತುಂಬಿಕೊಂಡು 794 ಕಿಲೋ ಮೀರಬಾರದ ವಿಮಾನದಲ್ಲಿ ಬಣ್ಣದ ಒಂದೊಂದು ಪದರಕ್ಕೂ ಲೆಕ್ಕವಿದೆ. ಬಾಲದ ಕಡೆ ಬಣ್ಣ ದಪ್ಪವಾದರೆ ತೂಕದ ಸಮತೋಲವೇ ಹಿಂದಕ್ಕೆ ಸರಿಯುತ್ತದೆ.

ಈ ವಿದ್ಯೆ ನಮಗೆ ಪರಕೀಯವೇನಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ 'ಪುಷ್ಪಕ' 1958ರಲ್ಲಿ ಮೊದಲು ಹಾರಿತು. ಅಮೆರಿಕದ ಏರೋಂಕಾ ಚೀಫ್ ವಿಮಾನದ ಮಾದರಿ ಹಿಡಿದ ಅದೂ ಮೇಲುರೆಕ್ಕೆಯದು, ಉಕ್ಕಿನ ಕೊಳವೆಯ ಒಡಲಿಗೆ ಬಟ್ಟೆ ಹೊದ್ದದ್ದು, 90 ಅಶ್ವಶಕ್ತಿಯ ಎಂಜಿನಿನದು. ಸುಮಾರು 150 ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಕಬ್‌ನ ದಾಯಾದಿಯೇ ಅನ್ನಿ. ಅಂದರೆ ಬಟ್ಟೆ ಬಿಗಿಯುವ, ಕೊಳವೆ ಬೆಸೆಯುವ ಕೈಗಳು ಬೆಂಗಳೂರಿನಲ್ಲಿ ಇದ್ದವು. ಆ ಕೈಗಳಿಗೆ ಗೊತ್ತಿದ್ದದ್ದನ್ನು ಯಾರಾದರೂ ಕೂತು ಕೇಳಿ ಕನ್ನಡದಲ್ಲಿ ಬರೆದಿಟ್ಟಿದ್ದರೆ ಎಂದು ನನಗೆ ಆಸೆಯಾಗುತ್ತದೆ. ಘಾಟಗೆಯವರು ಜರ್ಮನಿಯಲ್ಲಿ ವಾಯುಬಲ ವಿಜ್ಞಾನಿ ಪ್ರಾಂಟಲ್ ಅವರ ಬಳಿ ಕಲಿತದ್ದು ಪುಸ್ತಕಗಳಲ್ಲಿದೆ; ಅವರ ವಿಮಾನಕ್ಕೆ ಬಟ್ಟೆ ತೊಡಿಸಿದವರ ಕೈಚಳಕವೂ ಅಷ್ಟೇ ಜೋಪಾನವಾಗಿ ಉಳಿಯಬೇಕಿತ್ತು.

ಬಟ್ಟೆ ಹೊದಿಸುವಾಗಿನ ಇನ್ನೊಂದು ಸಣ್ಣ ಕೆಲಸ ನನ್ನ ಮನಸ್ಸಿನಲ್ಲಿ ನಿಂತಿದೆ. ರೆಕ್ಕೆಯ ಕೆಳಮೈಯಲ್ಲಿ, ಒಳಗೆ ರಾಟೆ, ತಂತಿ, ಬೋಲ್ಟುಗಳಿರುವ ಕಡೆಗಳಲ್ಲೆಲ್ಲ, ಅಂಗೈ ಅಗಲದ ಪ್ಲಾಸ್ಟಿಕ್ ಬಳೆಗಳನ್ನು ಬಟ್ಟೆಗೆ ಅಂಟಿಸುತ್ತಾರೆ. ಬಳೆಯ ನಡುವಿನ ಬಟ್ಟೆಯನ್ನು ಎಲ್ಲ ಕಡೆಯೂ ಆಗಲೇ ಕತ್ತರಿಸುವುದಿಲ್ಲ. ಅದರ ಮೇಲೂ ಬೆಳ್ಳಿಲೇಪ ಬರುತ್ತದೆ, ಹಳದಿ ಬಣ್ಣ ಬರುತ್ತದೆ. ಹತ್ತೋ ಇಪ್ಪತ್ತೋ ವರ್ಷಗಳ ನಂತರ ಯಾರೋ ಮೆಕ್ಯಾನಿಕ್‌ಗೆ ಒಳಗಿನದೊಂದು ಬೋಲ್ಟಿನ ಮೇಲೆ ಅನುಮಾನ ಬಂದಾಗ, ಬಣ್ಣದಡಿಯ ಆ ಬಳೆಯನ್ನು ಬೆರಳಿಂದ ತಡವಿ ಹುಡುಕಿ, ಬ್ಲೇಡಿನಿಂದ ಅಚ್ಚುಕಟ್ಟಾಗಿ ವೃತ್ತ ಕೊಯ್ದು, ಟಾರ್ಚ್ ಹಿಡಿದು ಒಳಗೆ ನೋಡಲೆಂದು.