ಕುಪ್ಪಳ್ಳಿಯಿಂದ ಕಲ್ಕತ್ತೆಗೆ

ಕಲ್ಕತ್ತೆಯನ್ನು ನೋಡಿಕೊಂಡು ಊರಿಗೆ ಹಿಂದಿರುಗಿದಾಗ ಜಗಲಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, “ಅಲ್ಲಿ ನಮ್ಮದು ಅಂತ ಏನಿದೆ ಮಾರಾಯ? ಎಲ್ಲಾ ಬ್ರಿಟಿಷರು ಕಟ್ಟಿದ್ದಲ್ಲವೋ!” ಎಂದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಕಾಫಿ ಕುಡಿದು ಸುಮ್ಮನಾದೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಈ ಲೇಖನ ಅವರಿಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ಓದುಗರು ಭಾವಿಸಬಹುದು. (2001ರಿಂದ ಆ ನಗರದ ಅಧಿಕೃತ ನಾಮಧೇಯ ಕೊಲ್ಕತ್ತ. ಆದರೆ ನಮ್ಮ ಅಜ್ಜಂದಿರ ನಾಲಗೆಯ ಮೇಲಿದ್ದ ‘ಕಲ್ಕತ್ತೆ’ಯನ್ನು ನಾನು ಬಿಡಲಾರೆ.)

ಹಿರಿಯರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. 1690ರಲ್ಲಿ ಹೂಗ್ಲಿಯ ದಡದ ಹಳ್ಳಿಗಳ ನಡುವೆ ಕಂಪನಿಯ ವ್ಯಾಪಾರಿಗಳು ಬೀಡುಬಿಟ್ಟರು. 1911ರಲ್ಲಿ ರಾಜಧಾನಿ ದೆಹಲಿಗೆ ಹೋಗುವುದೆಂದು ಘೋಷಣೆಯಾಗುವವರೆಗೂ ಹಿಂದೂಸ್ಥಾನದ ಹಣೆಬರಹವನ್ನು ಬರೆಯುತ್ತಿದ್ದುದು ಇಲ್ಲಿಯೇ. ವಿಕ್ಟೋರಿಯಾ ಸ್ಮಾರಕವನ್ನು ನಾನೂ ನೋಡಿದೆ. ಮಕ್ರಾನದ ಅಮೃತಶಿಲೆ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ. ಅದನ್ನು ಕಟ್ಟಿಸಬೇಕೆಂದು ಹೊರಟವನು ಬಂಗಾಳವನ್ನು 1905ರಲ್ಲಿ ಎರಡಾಗಿ ಸೀಳಿದ ಕರ್ಜನ್ ಪ್ರಭು. ಹಣದಲ್ಲಿ ದೊಡ್ಡ ಪಾಲು ನಮ್ಮ ದೇಶದ ರಾಜಮಹಾರಾಜರ ಮತ್ತು ಶ್ರೀಮಂತರ ವಂತಿಗೆ. 1906ರ ಜನವರಿಯಲ್ಲಿ ಅದಕ್ಕೆ ಅಡಿಗಲ್ಲಿಟ್ಟ ರಾಜಕುಮಾರನೇ ಮರುತಿಂಗಳು ಬೆಂಗಳೂರಿಗೆ ಬಂದು ಕಬ್ಬನ್ ಪಾರ್ಕಿನ ವಿಕ್ಟೋರಿಯಾ ರಾಣಿಯ ಪ್ರತಿಮೆಯನ್ನು ಅನಾವರಣ ಮಾಡಿದ. ಎಂದಮೇಲೆ, ಪರಕೀಯತೆಯನ್ನು ಕಾಣಲು ಕಲ್ಕತ್ತೆಯವರೆಗೆ ಹೋಗಬೇಕಾಗಿಲ್ಲ.

ನಮ್ಮ ಪ್ರವಾಸಿಗರು ಸಾಮಾನ್ಯವಾಗಿ ಸ್ಮಾರಕ, ಹೌರಾ ಸೇತುವೆ, ಕಾಳೀಘಟ್ಟ, ರಸಗುಲ್ಲಾ ಎಂದು ಲೆಕ್ಕ ಮುಗಿಸುತ್ತಾರೆ. ಧರ್ಮತಲಾದ ಮೂಲೆಯಲ್ಲಿ ನಿಂತಿರುವ ಮಸೀದಿಯನ್ನು ಗಮನಿಸುವವರು ವಿರಳ. ಅದರ ಹೆಸರು ಟಿಪ್ಪು ಸುಲ್ತಾನ್ ಮಸೀದಿ. ಶ್ರೀರಂಗಪಟ್ಟಣ ಬಿದ್ದುದು 1799ರಲ್ಲಿ. ಅದೇ ವರ್ಷ ವೆಲ್ಲೆಸ್ಲಿ ಕಲ್ಕತ್ತೆಯಲ್ಲಿ ಗವರ್ನರ್ ಜನರಲನಿಗೆಂದು ಅರಮನೆಯೊಂದನ್ನು ಕಟ್ಟಿಸಲು ಆರಂಭಿಸಿದ. ಇಂದು ಅಲ್ಲಿ ರಾಜ್ಯಪಾಲರ ವಾಸ. ಟಿಪ್ಪುವಿನ ಮಕ್ಕಳನ್ನು ಮೊದಲು ವೆಲ್ಲೂರಿನ ಕೋಟೆಯಲ್ಲಿಟ್ಟಿದ್ದರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದಾಗ ಕಂಪನಿಗೆ ದಿಗಿಲಾಗಿ ಆ ಸಂಸಾರವನ್ನೆಲ್ಲ ಕಲ್ಕತ್ತೆಗೆ ಸಾಗಿಸಿತು. ಕಿರಿಯ ಮಗ ಗುಲಾಂ ಮಹಮ್ಮದ್ 1842ರಲ್ಲಿ ಕಟ್ಟಿಸಿದ ಮಸೀದಿ ಇದು. ಕಾವೇರಿಯ ದಡದಲ್ಲಿ ಹುಟ್ಟಿದವನು ಹೂಗ್ಲಿಯ ದಡದಲ್ಲಿ ತಂದೆಯ ಹೆಸರನ್ನು ನಿಲ್ಲಿಸಿದ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು, ವಿಚಿತ್ರವೆಂದರೆ, ಶ್ರೀರಂಗಪಟ್ಟಣವಲ್ಲ. ನಮ್ಮ ಹೊಸನಗರ ತಾಲ್ಲೂಕಿನ ನಗರ. ಅದು ಕೆಳದಿಯ ಅರಸರ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಹಿಡಿದು, ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟು, ಊರಿಗೆ ಹೈದರನಗರವೆಂದು ತನ್ನ ಹೆಸರಿಟ್ಟ. ಆ ಹೆಸರಿನ ಬಾಲವೇ ಇಂದಿನ ‘ನಗರ’. ಬಿದನೂರಿನ ಭಂಡಾರ ಹೈದರನ ಏಳ್ಗೆಗೆ ಎಷ್ಟು ನೆರವಾಯಿತೆಂಬುದನ್ನು ಚರಿತ್ರೆ ಬಲ್ಲವರು ಬಲ್ಲರು. ನಮ್ಮ ರಾಣಿಯನ್ನು ಸೆರೆಹಿಡಿದವನ ಮೊಮ್ಮಕ್ಕಳು ನಲವತ್ತಮೂರು ವರ್ಷಗಳಲ್ಲಿ ಕಂಪನಿಯ ಸೆರೆಯಾಳುಗಳಾಗಿ ಇಲ್ಲಿಗೆ ಬಂದರು. ಇದನ್ನು ನೆನೆದು ಹಿಗ್ಗಬೇಕೋ, ಮರುಗಬೇಕೋ? ಹಿಗ್ಗುವವರನ್ನು ನಾನು ಬಲ್ಲೆ. ಅವರ ಪಂಗಡಕ್ಕೆ ಸೇರಲು ನನ್ನಿಂದಾಗಲಿಲ್ಲ. ಕವಲೇದುರ್ಗದ ಮುರುಕು ಗೋಡೆಗಳನ್ನು ಚಿಕ್ಕಂದಿನಿಂದ ಕಂಡವನಿಗೆ ಸೋತ ಮನೆತನದ ನೋವು ಹೊಸದಲ್ಲ.

ಮಲೆನಾಡಿನಿಂದ ಕಲ್ಕತ್ತೆಗೆ ಇನ್ನೊಂದು ದಾರಿಯೂ ಇತ್ತು. ಅದರಲ್ಲಿ ನಡೆದವರು ನಮ್ಮ ಊರಿನವರೇ ಆದ ಕುವೆಂಪು. ಅವರು 1929ರಲ್ಲಿ ಬೇಲೂರು ಮಠಕ್ಕೆ ಹೋಗಿ (ಹಾಸನದ ಬೇಲೂರಲ್ಲ, ಹೂಗ್ಲಿಯ ಪಡುವಣ ದಡದ ಬೇಲೂರು) ಶ್ರೀರಾಮಕೃಷ್ಣರ ಸಾಕ್ಷಾತ್ ಶಿಷ್ಯರಾದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಆಗಿನ್ನೂ ಆ ನಗರ ಸಾಮ್ರಾಜ್ಯದ ಎರಡನೆಯ ಪಟ್ಟಣವೆಂದು ಬೀಗುತ್ತಿದ್ದ ಕಾಲ. ಆದರೆ ಮೈಸೂರಿನಿಂದ ಅಷ್ಟು ದೂರ ರೈಲಿನಲ್ಲಿ ಹೋದ ತರುಣ ಕವಿಗೆ ಬೇಕಾಗಿದ್ದುದು ಸಾಮ್ರಾಜ್ಯವಲ್ಲ. ಅವರಿಗಿಂತ ಮುಂಚೆ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದು ನಮ್ಮವರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದ್ದರು. ಕಂಪನಿಯ ಊರಿನಲ್ಲಿ ಕಂಪನಿ ಬಯಸದ ಬೆಳೆ ಬೆಳೆದಿತ್ತು. ಅದರ ಬೀಜ ನಮ್ಮ ನೆಲದಲ್ಲಿಯೂ ಬಿದ್ದಿತ್ತು.

ಇದನ್ನೆಲ್ಲ ಬ್ರಿಟಿಷರ ಉಪಕಾರವೆಂದು ಕೊಂಡಾಡುವವರಿದ್ದಾರೆ. 1943ರ ಕ್ಷಾಮದಲ್ಲಿ ಇದೇ ಕಲ್ಕತ್ತೆಯ ಬೀದಿಗಳಲ್ಲಿ ಅನ್ನವಿಲ್ಲದೆ ಸತ್ತವರನ್ನು ಅವರು ಯಾವ ಲೆಕ್ಕಕ್ಕೆ ಬರೆಯುತ್ತಾರೋ ತಿಳಿಯದು. ಹಾಗೆಂದು, ಕಲ್ಲುಕಟ್ಟಡಗಳನ್ನೆಲ್ಲ ಕೆಡವಿದರೆ ಪರಕೀಯತೆ ತೊಲಗೀತು ಎನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಕೆಡವಿದ ಜಾಗದಲ್ಲಿ ನಮ್ಮ ಮೊಮ್ಮಕ್ಕಳಿಗೆ ಏನನ್ನು ತೋರಿಸಿ ಆ ಕಥೆ ಹೇಳುವುದು?

ಬೇಲೂರಿನಲ್ಲಿ ನಾನು ಒಂದು ತಪ್ಪು ಮಾಡಿದೆ. ಮಹಾಮಂದಿರದ ಮುಂದೆ ನಿಂತು, ‘ಇಲ್ಲಿಯೇ ಅಲ್ಲವೇ ಕವಿಗಳು ಕೈಮುಗಿದದ್ದು’ ಎಂದು ಭಾವಪರವಶನಾದೆ. ಆ ಮಂದಿರ ಪ್ರತಿಷ್ಠೆಯಾದದ್ದು 1938ರಲ್ಲಿ ಎಂಬುದು ಆಮೇಲೆ ನೆನಪಾಗಿ ನಗು ಬಂತು. ಅವರು ಕಂಡದ್ದರಲ್ಲಿ ಹೊಳೆಯಂತೂ ಇತ್ತು. ಘಟ್ಟದ ಮೆಟ್ಟಿಲಿಳಿದು ದಕ್ಷಿಣೇಶ್ವರದ ದೋಣಿ ಹತ್ತಿದೆ.

ಪಕ್ಕದಲ್ಲಿ ಕುಳಿತಿದ್ದ ಬಂಗಾಳಿ ಮುದುಕರು ಹಿಂದಿಯಲ್ಲಿ ಯಾವ ಊರೆಂದು ಕೇಳಿದರು. ಕರ್ನಾಟಕವೆಂದೆ. ಅವರ ಮುಖ ಅರಳಿತು. ಅವರ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳಂತೆ. ಮೊಮ್ಮಗ ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದಾನಂತೆ. “ನಿಮ್ಮ ಊರು ಅವರ ಮನೆಗೆ ಹತ್ತಿರವೇ?” ಎಂದರು. ಒಂದು ರಾತ್ರಿಯ ಬಸ್ಸಿನ ದಾರಿ ಎಂದೆ. ಊರಿನ ಹೆಸರನ್ನು ಬರೆದುಕೊಡಿರೆಂದು ಚೀಟಿ ಚಾಚಿದರು. ಹುಡುಗನೇ ಓದಿಕೊಳ್ಳಲೆಂದು ‘ಕುಪ್ಪಳ್ಳಿ’ ಎಂದು ಕನ್ನಡದಲ್ಲಿಯೇ ಬರೆದುಕೊಟ್ಟೆ.