ಪುಕ್ಕಟೆ ನಕ್ಷೆಯೂ ನಮ್ಮ ನಕ್ಷೆಯೂ

ಭೂಪಟವೆಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ ತೂಗುತ್ತಿದ್ದ, ಮಡಿಕೆಗಳಲ್ಲಿ ಹರಿದ ಭಾರತದ ನಕ್ಷೆ. ಇಲ್ಲವೆ ಪರೀಕ್ಷೆಯ ಹಿಂದಿನ ದಿನ ಅಂಗಡಿಯಿಂದ ತಂದ ರೇಖಾನಕ್ಷೆ. ಈಗ ಮೂರನೆಯದೊಂದು ಸೇರಿದೆ. ಅದು ಎಲ್ಲರ ಜೇಬಿನ ಫೋನಿನಲ್ಲಿರುವುದು. ದಾರಿ ತಪ್ಪಿದವನಿಗೆ ದಾರಿ ತೋರುತ್ತದೆ, ಒಂದು ಕಾಸನ್ನೂ ಕೇಳುವುದಿಲ್ಲ. ಇಷ್ಟು ಉಪಕಾರ ಮಾಡುವ ವಸ್ತುವಿನ ಮೇಲೆ ತಕರಾರು ತೆಗೆಯುವುದು ಕೃತಘ್ನತೆಯೆಂದು ಯಾರಾದರೂ ಹೇಳಬಹುದು. ಆದರೂ ತೆಗೆಯಬೇಕಾಗಿದೆ. ಪುಕ್ಕಟೆಯಾಗಿ ನೋಡಲು ಸಿಗುವ ನಕ್ಷೆ ಬೇರೆ, ನಮ್ಮದೆಂದು ಬಳಸಬಹುದಾದ ನಕ್ಷೆ ಬೇರೆ. ಈ ಭೇದವನ್ನು ನಮ್ಮ ಕಾಲೇಜಿನಲ್ಲಿ ಗಮನಿಸಿದವರು ಕಡಮೆ ಎಂದು ನನ್ನ ಅಭಿಪ್ರಾಯ.

ಜಾತ್ರೆಯ ಅರವಟ್ಟಿಗೆಯಲ್ಲಿ ಎಷ್ಟು ನೀರನ್ನಾದರೂ ಕುಡಿಯಬಹುದು. ಗುಡಾಣವನ್ನು ಹೊತ್ತು ಮನೆಗೆ ತರುವಂತಿಲ್ಲ. ಕಂಪೆನಿಗಳ ನಕ್ಷೆ ಇಂತಹದೇ. ಅದನ್ನು ನೋಡಬಹುದು, ಅದು ಹೇಳಿದ ದಾರಿಯಲ್ಲಿ ನಡೆಯಬಹುದು. ಆದರೆ ಅದರ ಮೇಲೆ ಕಾಗದವಿಟ್ಟು ಗೆರೆಯೆಳೆದು ಬೇರೊಂದು ನಕ್ಷೆ ಮಾಡುವುದಕ್ಕೂ, ಅದರೊಳಗಿನ ಅಂಕಿಅಂಶಗಳನ್ನು ತೆಗೆದು ನಮಗೆ ಬೇಕಾದಂತೆ ಬಳಸುವುದಕ್ಕೂ ಅವರ ಷರತ್ತುಗಳು ಅಡ್ಡಬರುತ್ತವೆ. ಮುಕ್ತ ಪರವಾನಗಿಯ ನಕ್ಷೆಯನ್ನು ಊರ ಕೆರೆಗೆ ಹೋಲಿಸಬೇಕು. ನೀರು ಎಲ್ಲರಿಗೂ ಉಂಟು, ಹೂಳೆತ್ತುವ ಕೆಲಸವೂ ಎಲ್ಲರದು.

ಇಂತಹ ನಕ್ಷೆಗಳಲ್ಲಿ ಮುಖ್ಯವಾದುದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬ ತರುಣನು ಇದನ್ನು ಆರಂಭಿಸಿದನು. ಅಲ್ಲಿಯ ಸರಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ನಕ್ಷೆಗಳು ಅತ್ಯುತ್ತಮವಾದವು. ಆದರೆ ಅವುಗಳ ಮಾಹಿತಿಯನ್ನು ಬಳಸಬೇಕಾದರೆ ಹಣ ತೆರಬೇಕಾಗಿತ್ತು, ಷರತ್ತುಗಳಿಗೂ ಒಳಪಡಬೇಕಾಗಿತ್ತು. ಹಾಗಾದರೆ ನಾವೇ ನಡೆದು, ಅಳೆದು ಬರೆದರಾಯಿತು ಎಂದು ಕೆಲವರು ಹೊರಟರು. ಇಂದು ಅದು ಲೋಕವನ್ನೆಲ್ಲ ಒಳಗೊಂಡಿದೆ. 2012ರಿಂದ ಅದಕ್ಕಿರುವ ಪರವಾನಗಿಯ ಸಾರ ಇಷ್ಟೆ: ಯಾರು ಬೇಕಾದರೂ ಯಾವ ಕೆಲಸಕ್ಕಾದರೂ ಈ ಮಾಹಿತಿಯನ್ನು ಬಳಸಿಕೊಳ್ಳಲಿ, ಇದನ್ನು ಮಾಡಿದವರನ್ನು ಸ್ಮರಿಸಲಿ, ಇದಕ್ಕೆ ಮಾಹಿತಿ ಸೇರಿಸಿ ಬೆಳೆಸಿ ಲೋಕಕ್ಕೆ ಕೊಡುವುದಾದರೆ ಆ ಬೆಳೆಸಿದುದನ್ನೂ ಇದೇ ಷರತ್ತಿನ ಮೇಲೆ ಕೊಡಲಿ.

2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ ಇದರ ಬೆಲೆ ತಿಳಿಯಿತು. ಎಲ್ಲೆಲ್ಲೋ ಕುಳಿತ ನೂರಾರು ಜನ ಉಪಗ್ರಹ ಚಿತ್ರಗಳನ್ನು ನೋಡಿ ಕೆಲವೇ ದಿನಗಳಲ್ಲಿ ಪೋರ್ಟ್-ಒ-ಪ್ರಿನ್ಸ್ ನಗರದ ಬೀದಿಗಳನ್ನು ಬರೆದುಕೊಟ್ಟರು. ಪರಿಹಾರಕ್ಕೆ ಬಂದವರು ಅದನ್ನೇ ಹಿಡಿದು ಓಡಾಡಿದರು.

ನಮ್ಮ ದೇಶದಲ್ಲಿ ನಕ್ಷೆಯ ಕೆಲಸ ಹೊಸದಲ್ಲ. ಸರ್ವೆ ಆಫ್ ಇಂಡಿಯಾ ಹುಟ್ಟಿದುದು 1767ರಲ್ಲಿ. ಆದರೆ ವಿವರವಾದ ನಕ್ಷೆಯೆಂದರೆ ಬೀರುವಿನೊಳಗಿಟ್ಟು ಬೀಗ ಹಾಕತಕ್ಕ ವಸ್ತುವೆಂಬ ಭಾವನೆ ಬಹುಕಾಲ ಉಳಿದಿತ್ತು. 2017ರಲ್ಲಿ ಆ ಸಂಸ್ಥೆಯೇ 1:50,000 ಪ್ರಮಾಣದ ಹಲವು ಹಾಳೆಗಳನ್ನು ನಾಗರಿಕರು ಉಚಿತವಾಗಿ ಇಳಿಸಿಕೊಳ್ಳುವಂತೆ ಮಾಡಿತು. 2021ರ ಫೆಬ್ರವರಿ 15ರಂದು ಬಂದ ಕೇಂದ್ರ ಸರಕಾರದ ಮಾರ್ಗಸೂಚಿಯಂತೆ, ಕೆಲವು ನಿರ್ಬಂಧಗಳುಳ್ಳ ಸ್ಥಳಗಳನ್ನು ಬಿಟ್ಟರೆ, ಭಾರತೀಯರು ನಕ್ಷೆ ತಯಾರಿಸಿ ಪ್ರಕಟಿಸುವುದಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕಾಗಿಲ್ಲ. ದೇಶದ ಗಡಿಯನ್ನು ಮಾತ್ರ ಸರ್ವೆ ಆಫ್ ಇಂಡಿಯಾ ತೋರಿಸಿದಂತೆಯೇ ತೋರಿಸಬೇಕು, ಅದು ಕಾನೂನು. ಬಾಗಿಲು ತೆರೆದಿದೆ. ಒಳಗೆ ಹೋಗುವವರಿಲ್ಲ.

ಹೋಗದಿದ್ದರೆ ನಷ್ಟವೇನು? ಅತಿ ದೊಡ್ಡ ನಷ್ಟ ನಮ್ಮ ಊರುಗಳ ಹೆಸರಿನದು. ಇಂಗ್ಲಿಷ್ ಲಿಪಿಯಲ್ಲಿ ಲಕಾರ ಳಕಾರಗಳಿಗೆ ಒಂದೇ ಅಕ್ಷರ. ಕನ್ನಡದ ಹೆಸರು ಮೊದಲು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಯಂತ್ರದ ಕೈಯಲ್ಲಿ ಕನ್ನಡಕ್ಕೆ ಹಿಂದಿರುಗಿದಾಗ ಹಳ್ಳಿಯು ಹಲ್ಲಿಯಾಗುತ್ತದೆ! ಊರೊಂದರ ಹೆಸರಿನ ಕೊನೆಯಲ್ಲಿ ಗೋಡೆಯ ಮೇಲಿನ ಪ್ರಾಣಿಯನ್ನು ಕಂಡು ನಾನು ಮೊದಲು ನಕ್ಕೆ. ನಾಲ್ಕಾರು ಕಡೆ ಕಂಡ ಮೇಲೆ ನಗು ಬರಲಿಲ್ಲ. ಕೆರೆ, ಕೇರಿಗಳು ಒಂದರ ಜಾಗದಲ್ಲಿ ಒಂದು ಕುಳಿತಿರುತ್ತವೆ. ಹಾಳೂರು ಹಾಲೂರಾಗುತ್ತದೆ, ಯಾವಾಗಲೋ ಹಾಳುಬಿದ್ದು ಮತ್ತೆ ನೆಲಸಿದ ಊರಿನ ಚರಿತ್ರೆ ಹಾಲಿನಲ್ಲಿ ಕರಗಿಹೋಗುತ್ತದೆ. 2014ರ ನವೆಂಬರ್ 1ರಂದು ಬೆಂಗಳೂರು, ಬೆಳಗಾವಿ ಮೊದಲಾದ 12 ನಗರಗಳ ಇಂಗ್ಲಿಷ್ ಬರಹ ಸರಿಹೋಯಿತೆಂದು ಸಂತೋಷಪಟ್ಟೆವು. ಸರಿಯೆ. ಆದರೆ ಹಟ್ಟಿ, ತಾಂಡ, ಹಾಡಿ, ದೊಡ್ಡಿಗಳಿಗೆ ಅಂತಹ ರಾಜಪತ್ರ ಹೊರಡುವುದಿಲ್ಲ. ಅವುಗಳಲ್ಲಿ ಎಷ್ಟೋ ನಕ್ಷೆಯ ಮೇಲೆ ಇಲ್ಲವೇ ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದೊಂದು ಸ್ಥಳಕ್ಕೂ ಭಾಷೆಭಾಷೆಗೆ ಪ್ರತ್ಯೇಕವಾದ ಖಾನೆಯಿದೆ. ಕನ್ನಡದ ಖಾನೆಯನ್ನು ತುಂಬಲು ಕೋರ್ಟು ಕಚೇರಿಗೆ ಅಲೆಯಬೇಕಾಗಿಲ್ಲ. ಆ ಊರಿನವರೊಬ್ಬರು ಹೆಸರನ್ನು ತಿಳಿದು ಬರೆದರೆ ಸಾಕು. ಮತ್ತು ಆ ಊರಿನವರು ನಮ್ಮ ತರಗತಿಯ ಬೆಂಚುಗಳ ಮೇಲೆಯೇ ಕುಳಿತಿದ್ದಾರೆ.

ಸಾಧನಗಳ ಕೊರತೆಯೆಂದು ಹೇಳುವಂತಿಲ್ಲ. ಕಂಪ್ಯೂಟರಿನಲ್ಲಿ ನಕ್ಷೆಯನ್ನು ತಿದ್ದಲು ಐಡಿ ಎಂಬ ಸುಲಭವಾದ ತಂತ್ರಾಂಶವಿದೆ. ಪಳಗಿದವರಿಗೆ ಜೋಸ್ಮ್ ಇದೆ. ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಎಂಬುದು ನಾವು ನಿಂತ ಜಾಗದಲ್ಲಿಯೇ ಪ್ರಶ್ನೆ ಕೇಳುತ್ತದೆ: ಈ ರಸ್ತೆ ಡಾಂಬರಿನದೋ ಮಣ್ಣಿನದೋ, ಈ ಬಸ್ ನಿಲ್ದಾಣಕ್ಕೆ ಸೂರುಂಟೋ ಇಲ್ಲವೋ. ಉತ್ತರ ಹೇಳಿದರೆ ನಕ್ಷೆ ಅಷ್ಟು ಪೂರ್ಣವಾಯಿತು. ನಕ್ಷೆಯ ಹಾಳೆಯನ್ನು ಅಂದವಾಗಿ ಸಿದ್ಧಪಡಿಸಲು ಕ್ಯೂಜಿಐಎಸ್ ಇದೆ. ಗ್ಯಾರಿ ಷರ್ಮನ್ ಎಂಬವರು 2002ರಲ್ಲಿ ಆರಂಭಿಸಿದ ಈ ತಂತ್ರಾಂಶಕ್ಕೆ ಬೆಲೆಯಿಲ್ಲ. ಇದೇ ಕೆಲಸದ ಮಾರಾಟದ ತಂತ್ರಾಂಶಗಳ ಬೆಲೆ ಕೇಳಿದರೆ ನಮ್ಮಂಥ ಕಾಲೇಜು ಕೈಮುಗಿಯಬೇಕು. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ಅಳೆದ ಎತ್ತರ ತಗ್ಗುಗಳ ಲೆಕ್ಕವೂ ಉಚಿತ. ಇವೆರಡನ್ನೂ ಸೇರಿಸಿದರೆ ಊರ ಕೆರೆಗೆ ಯಾವ ಯಾವ ಗುಡ್ಡದ ನೀರು ಹರಿದು ಬರುತ್ತದೆಂದು ಒಂದು ಮಧ್ಯಾಹ್ನದಲ್ಲಿ ತಿಳಿಯಬಹುದು.

ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯನ್ನು ನಂಬುವುದು ಹೇಗೆಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಲ್ಲಿ ಪ್ರತಿಯೊಂದು ತಿದ್ದುಪಡಿಯೂ ಯಾರದು, ಎಂದಿನದು ಎಂದು ದಾಖಲಾಗಿರುತ್ತದೆ. ಕೆಟ್ಟುದನ್ನು ಹಿಂದಕ್ಕೆ ತೆಗೆಯಬಹುದು. ಆದರೂ ನೋಡುವ ಕಣ್ಣಿಲ್ಲದ ಕಡೆ ತಪ್ಪು ವರ್ಷಗಟ್ಟಲೆ ನಿಂತಿರುವುದುಂಟು. ಇದನ್ನು ಒಪ್ಪಿಕೊಂಡೇ ಮಾತನಾಡಬೇಕು. ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದುದು. ಮೆಟಾ, ಮೈಕ್ರೋಸಾಫ್ಟ್‌ನಂತಹ ಸಿರಿವಂತ ಕಂಪೆನಿಗಳೂ ಈ ನಕ್ಷೆಯನ್ನು ಬಳಸುತ್ತವೆಯಲ್ಲ, ನಾವೇಕೆ ಅವರಿಗೆ ಬಿಟ್ಟಿ ಚಾಕರಿ ಮಾಡಬೇಕು? ಬಳಸಲಿ. ಅವರು ತೆಗೆದುಕೊಂಡಷ್ಟು ನಮ್ಮ ಪಾಲು ಕಡಮೆಯಾಗುವುದಿಲ್ಲ. ಕೆರೆಯ ನೀರಿಗೂ ನಕ್ಷೆಗೂ ಇರುವ ವ್ಯತ್ಯಾಸ ಅದೇ.

ನಮ್ಮ ಎನ್‌ಎಸ್‌ಎಸ್ ಶಿಬಿರದ ವಿಷಯವನ್ನು ಇಲ್ಲಿಯೇ ಎತ್ತುತ್ತೇನೆ. ಪ್ರತಿ ವರ್ಷ 7 ದಿನ ಒಂದು ಹಳ್ಳಿಯಲ್ಲಿದ್ದು ಮನೆಮನೆಗೆ ಹೋಗಿ ಸಮೀಕ್ಷೆ ಮಾಡುತ್ತೇವೆ. ಡ್ರಾಯಿಂಗ್ ಹಾಳೆಯ ಮೇಲೆ ಬಣ್ಣಬಣ್ಣದ ಗ್ರಾಮನಕ್ಷೆ ಬರೆಯುತ್ತೇವೆ. ಸಮಾರೋಪದಲ್ಲಿ ಅತಿಥಿಗಳು ಅದನ್ನು ನೋಡಿ ತಲೆದೂಗುತ್ತಾರೆ. ಆಮೇಲೆ ಅದು ಸುರುಳಿಯಾಗಿ ಬೀರುವಿನ ಮೇಲೇರಿ ಹುಳುಗಳಿಗೆ ಆಹಾರವಾಗುತ್ತದೆ. ಅಷ್ಟು ಜನರ ಅಷ್ಟು ದಿನದ ಶ್ರಮವನ್ನು ಮುಕ್ತ ನಕ್ಷೆಗೆ ಸೇರಿಸಲು ಇನ್ನೊಂದು ದಿನ ಸಾಕು. ಭೂಗೋಳ ವಿಭಾಗದ ಗುರುಗಳು ಅಂತಿಮ ವರ್ಷದ ಪ್ರಾಯೋಗಿಕ ಕೆಲಸಕ್ಕೆ ಇದನ್ನೇ ಕೊಡಬೇಕೆಂದು ನನ್ನ ವಿನಂತಿ. ಒಬ್ಬೊಬ್ಬರಿಗೆ ಅವರವರ ಊರು. ಊರು, ಬೀದಿ, ಕೆರೆ, ಕಟ್ಟೆ, ಶಾಲೆ ಬಂದರೆ ಸಾಕು. ಯಾರ ಮನೆ ಯಾವುದೆಂದು ಬರೆಯುವ ಅಗತ್ಯವಿಲ್ಲ, ಬರೆಯಲೂ ಬಾರದು. ಕನ್ನಡ ವಿಭಾಗದವರು ಜೊತೆಗೂಡಿದರೆ ಇನ್ನೂ ಒಳ್ಳೆಯದು. ಹಿರಿಯರನ್ನು ಕೇಳಿ ಹೆಸರುಗಳನ್ನು ಸರಿಯಾಗಿ ಬರೆದುಕೊಳ್ಳಲು ಅವರಿಗಿಂತ ಯೋಗ್ಯರು ಯಾರು?

ಈ ಸಲದ ಶಿಬಿರ ನಡೆಯುವ ಹಳ್ಳಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಹುಡುಕಿ ನೋಡಿದೆ. ಅಲ್ಲಿ ಮೂರು ಕೆರೆಗಳಿವೆಯೆಂದು ಆ ಕಡೆಯ ಗೆಳೆಯನು ಹೇಳುತ್ತಾನೆ. ನಕ್ಷೆಯಲ್ಲಿರುವುದು ಎರಡು, ಎರಡಕ್ಕೂ ಹೆಸರಿಲ್ಲ.