ಉಳಿತಾಯದ ಹೆಸರಿನಲ್ಲಿ ಭೋಗ: ಹೈಬ್ರಿಡ್ ಕಾರಿನ ಲೆಕ್ಕ

ನಮ್ಮ ತರೀಕೆರೆ ಸೀಮೆಯಲ್ಲಿ ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಹೊಸ ಕಾರುಗಳು ಕಾಣಿಸಿಕೊಳ್ಳುವುದು ವಿಶೇಷವೇನಲ್ಲ. ವಿಶೇಷವಿರುವುದು ಕೊಳ್ಳುವವರು ಈಗ ನೀಡುತ್ತಿರುವ ಸಮರ್ಥನೆಯಲ್ಲಿ. ಹಿಂದಿನವರು ಕಾರು ಅನುಕೂಲಕ್ಕೆಂದೋ ಅಂತಸ್ತಿಗೆಂದೋ ಒಪ್ಪಿಕೊಳ್ಳುತ್ತಿದ್ದರು. ಹೈಬ್ರಿಡ್ ಕಾರು ಕೊಳ್ಳುವವರಾದರೋ ತಾವು ಹಣ ಉಳಿಸುತ್ತಿದ್ದೇವೆ, ಜೊತೆಗೆ ವಾಯುಮಾಲಿನ್ಯದ ಹಿಂಸೆಯನ್ನೂ ತಗ್ಗಿಸುತ್ತಿದ್ದೇವೆ ಎನ್ನುತ್ತಾರೆ. ಮೊದಲನೆಯದು ಲೆಕ್ಕದ ಪ್ರಶ್ನೆ. ಅದನ್ನು ಲೆಕ್ಕದಿಂದಲೇ ಇತ್ಯರ್ಥಪಡಿಸೋಣ.

ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್ 2022ರಲ್ಲಿ ಮಾರುಕಟ್ಟೆಗೆ ಬಂದಿತು. ಅಧಿಕೃತ ಪರೀಕ್ಷೆಯಂತೆ ಅದರ ಪೂರ್ಣ ಹೈಬ್ರಿಡ್ ಮಾದರಿ ಲೀಟರಿಗೆ 27.97 ಕಿ.ಮೀ. ಓಡುತ್ತದೆ, ಬಹುಮಟ್ಟಿಗೆ ಪೆಟ್ರೋಲನ್ನೇ ನಂಬಿದ ಅಗ್ಗದ ಮಾದರಿ ಸುಮಾರು 21.1 ಕಿ.ಮೀ. ಓಡುತ್ತದೆ. ರಸ್ತೆಯ ಮೇಲೆ ಎರಡೂ ಇಷ್ಟು ಕೊಡಲಾರವು, ಇರಲಿ. ವರ್ಷಕ್ಕೆ 10,000 ಕಿ.ಮೀ. ಓಡಿಸುವ ಗೃಹಸ್ಥನಿಗೆ ಉಳಿಯುವ ಪೆಟ್ರೋಲು 116 ಲೀಟರು. ಲೀಟರಿಗೆ 103 ರೂಪಾಯಿ ಹಿಡಿದರೆ ಸುಮಾರು 12,000 ರೂಪಾಯಿ. ಇದು ಜಮೆ.

ಇನ್ನು ಖರ್ಚಿನ ಬದಿ. ಎರಡು ಮಾದರಿಗಳ ಬೆಲೆಯ ಅಂತರ ಮೂರೂವರೆ ಲಕ್ಷವೆಂದು ಹಿಡಿಯೋಣ. ಆಯ್ಕೆಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆಯಾದೀತು. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ನಮ್ಮ ರಾಜ್ಯದ ಆಜೀವ ತೆರಿಗೆ ಶೇಕಡಾ 17, ಆ ತೆರಿಗೆಯ ಮೇಲೆ ಶೇಕಡಾ 11ರ ಉಪಕರ. ಹೀಗೆ ಆ ಅಂತರದ ಮೇಲೆ ಮತ್ತೆ 66,000 ರೂಪಾಯಿ ಸೇರಿ ಹೆಚ್ಚುವರಿ ಹೂಡಿಕೆ 4,16,000 ಆಗುತ್ತದೆ. ವರ್ಷಕ್ಕೆ 12,000ದಂತೆ ಇದು ಹಿಂದಿರುಗಲು 34 ವರ್ಷಗಳಿಗೂ ಹೆಚ್ಚು ಬೇಕು. ಹೈಬ್ರಿಡ್ ಬ್ಯಾಟರಿಗೆ ಕಂಪನಿ ಕೊಡುವ ಭರವಸೆ 8 ವರ್ಷ. ಕಾರಿನ ನೋಂದಣಿಯೇ 15 ವರ್ಷಕ್ಕೆ ನವೀಕರಣಕ್ಕೆ ಬರುತ್ತದೆ!

ವ್ಯಾಪಾರಿಯಾದವನು ಇಲ್ಲಿಗೇ ನಿಲ್ಲುವುದಿಲ್ಲ, ಬಡ್ಡಿಯನ್ನೂ ಕೇಳುತ್ತಾನೆ. ಶೇಕಡಾ 9ರಂತೆ ಆ ಹೆಚ್ಚುವರಿ ಹಣದ ಮೊದಲ ವರ್ಷದ ಬಡ್ಡಿ 37,000 ರೂಪಾಯಿಗೂ ಮೇಲು. ಹನ್ನೆರಡು ಸಾವಿರ ಉಳಿಸಲು ಮೂವತ್ತೇಳು ಸಾವಿರ ತೆರುವುದಕ್ಕೆ ಉಳಿತಾಯವೆಂಬ ಹೆಸರು ಯಾವ ಖಾತೆ ಪುಸ್ತಕದಲ್ಲಿದೆ? ತಿಂಗಳ ಕಂತು ಕಟ್ಟಬಲ್ಲೆನೆಂಬುದೇ ಶಕ್ತಿಯ ಪ್ರಮಾಣವೆಂದು ಮಾರಾಟಗಾರರು ನಂಬಿಸುತ್ತಾರೆ. ಕಂತು ಹೇಳುವುದು ಬ್ಯಾಂಕು ನಿಮಗೆಷ್ಟು ಸಾಲ ಕೊಡಬಲ್ಲದೆಂಬುದನ್ನು ಮಾತ್ರ.

ಇದಕ್ಕೆ ಪ್ರತಿವಾದವುಂಟು. ಹೆಚ್ಚು ಓಡಿಸುವವನಿಗೆ ಲೆಕ್ಕ ಕೂಡುತ್ತದೆ ಎನ್ನುವರು. ನಿಜ, ವರ್ಷಕ್ಕೆ 40,000 ಕಿ.ಮೀ. ಓಡುವ ವೃತ್ತಿಯವನಿಗೆ 48,000 ರೂಪಾಯಿ ಉಳಿದು, ಬಡ್ಡಿ ಕಳೆದೂ ಏನಾದರೂ ಮಿಕ್ಕೀತು. ಅಂಥವನು ಕೊಳ್ಳಲಿ, ನನ್ನ ಆಕ್ಷೇಪವಿಲ್ಲ. ಆದರೆ ಅಂಗಡಿಯಿಂದ ಮನೆಗೆ, ಮನೆಯಿಂದ ಬಸದಿಗೆ, ವರ್ಷಕ್ಕೆ ನಾಲ್ಕು ಮದುವೆಗೆ ಹೋಗುವ ನಮ್ಮಂಥವರು ಈ ಲೆಕ್ಕ ಕೂಡಿಸಲು ಎಲ್ಲಿಗೆ ತಿರುಗಾಡಬೇಕು? ಇಲ್ಲಿಯೇ ಎರಡನೆಯ ವಾದವೂ ಕುಸಿಯುತ್ತದೆ. ಕಾರಿನ ಹಣ ಹುಟ್ಟಬೇಕಾದರೆ ಹೆಚ್ಚು ಓಡಬೇಕು. ಹೆಚ್ಚು ಓಡಿದಷ್ಟೂ ಹೆಚ್ಚು ಪೆಟ್ರೋಲು ಸುಡಬೇಕು. ದಿಗ್ವ್ರತವನ್ನು ಶ್ರಾವಕನಿಗೆ ವಿಧಿಸಿದವರು ಸಂಚಾರಕ್ಕೆ ಎಲ್ಲೆ ಹಾಕಿದರು. ಈ ಯಂತ್ರ ತನ್ನ ಸಮರ್ಥನೆಗಾಗಿ ಆ ಎಲ್ಲೆ ದಾಟುವಂತೆ ಕೇಳುತ್ತದೆ.

ಪೇಟೆಯ ದಟ್ಟಣೆಯಲ್ಲಿ ಬ್ರೇಕು ಒತ್ತಿದಾಗಲೆಲ್ಲ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬುವುದು ಹೈಬ್ರಿಡ್‌ನ ಜಾಣ್ಮೆ. ಬೆಂಗಳೂರಿನವರಿಗೆ ಅದು ದಿನನಿತ್ಯ ಒದಗುವ ಲಾಭ. ಶಿವಮೊಗ್ಗದ ಕಡೆಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವನಿಗೆ ಅದು ಅಷ್ಟಾಗಿ ಒದಗದು. ಕೆಮ್ಮಣ್ಣುಗುಂಡಿಯ ಇಳಿಜಾರಿನಲ್ಲಿ ಒದಗೀತು. ಅಲ್ಲಿಗೆ ನಾವು ಎಷ್ಟು ಸಲ ಹೋಗುತ್ತೇವೆ?

ಹೋಲಿಕೆಗೆ ಸಣ್ಣ ಕಾರನ್ನೂ ತೆಗೆದುಕೊಳ್ಳಬೇಕು. ಇದನ್ನು ಯಾವ ಮಾರಾಟಗಾರನೂ ಮಾಡುವುದಿಲ್ಲ. ಒಂದು ಲೀಟರ್ ಎಂಜಿನ್ನಿನ ವ್ಯಾಗನ್ ಆರ್ ಅದೇ ಪರೀಕ್ಷೆಯಲ್ಲಿ 24.35 ಕಿ.ಮೀ. ಓಡುತ್ತದೆ. ಹತ್ತು ಸಾವಿರ ಕಿಲೋಮೀಟರಿಗೆ ಹೈಬ್ರಿಡ್‌ಗಿಂತ ಅದು ಸುಡುವ ಹೆಚ್ಚಿನ ಪೆಟ್ರೋಲು ಕೇವಲ 53 ಲೀಟರು. ಬೆಲೆಯೋ ಅರ್ಧಕ್ಕೂ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಸಣ್ಣ ಕಾರಿಗೆ ಜಿ.ಎಸ್.ಟಿ. ಶೇಕಡಾ 18ಕ್ಕೆ ಇಳಿದಿದೆ. ನಾಲ್ಕು ಮೀಟರಿಗಿಂತ ಉದ್ದವಾದ ಹೈಬ್ರಿಡ್ ಇತರ ದೊಡ್ಡ ಕಾರುಗಳಂತೆಯೇ ಶೇಕಡಾ 40 ತೆರುತ್ತದೆ. ಸರಕಾರ ವಿದ್ಯುತ್ ಕಾರಿಗೆ ಶೇಕಡಾ 5 ಇಟ್ಟು, ಅರ್ಧ ವಿದ್ಯುತ್ತಿನದನ್ನು ಭೋಗವಸ್ತುವಿನ ಸಾಲಿಗೆ ಸೇರಿಸಿದ್ದು ನ್ಯಾಯವೇ ಎಂಬುದು ಬೇರೆ ಚರ್ಚೆ. ಕೊಳ್ಳುವವನ ಕಿಸೆಗೆ ಆ ಚರ್ಚೆಯಿಂದ ಏನೂ ಬರುವುದಿಲ್ಲ.

ಮೌನ, ಮೃದುವಾದ ಓಟ, ಗೇರು ಬದಲಿಸುವ ಶ್ರಮವಿಲ್ಲದಿರುವುದು ಇವೆಲ್ಲ ಹೈಬ್ರಿಡ್ ಮಾದರಿಯಲ್ಲಿ ದೊರೆಯುವ ಸುಖಗಳೇ. ಅವುಗಳಿಗಾಗಿ ಕೊಳ್ಳುವವರು ಹಾಗೆಂದೇ ಹೇಳಿ, ಆ ನಾಲ್ಕು ಲಕ್ಷವನ್ನು ಭೋಗದ ಖಾತೆಗೆ ಬರೆಯಲಿ. ಉಳಿತಾಯಕ್ಕೆಂದು ಹೊರಟವರು ಮುಂಗಡ ಕೊಡುವ ಮುನ್ನ, ಈಗಿರುವ ವಾಹನದ ಸರ್ವಿಸ್ ರಸೀದಿಗಳನ್ನು ತೆಗೆದು, ಕಳೆದ ಮೂರು ವರ್ಷಗಳಲ್ಲಿ ಅದು ನಿಜವಾಗಿ ಎಷ್ಟು ಕಿಲೋಮೀಟರು ಓಡಿದೆಯೆಂದು ಕೂಡಿಸಿ ನೋಡಲಿ. ಆ ಅಂಕಿಯಿಂದ ಮೇಲಿನ ಗುಣಾಕಾರವನ್ನು ಮನೆಯವರೆಲ್ಲರ ಮುಂದೆ ಕುಳಿತು ಮಾಡಲಿ.